ಏಳು ಎಕರೆ ಜಾಗ, ಹನ್ನೊಂದು ಜನ, ಮೂರು ತಿಂಗಳು. ದುಡ್ಡು ಹೇಗೆ ಕೂಡಿಸೋದು?

ಮಳೆಹನಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಹನ್ನೊಂದು ಜನ. ಎರಡು ವರ್ಷದಿಂದ ವಾರಕ್ಕೊಮ್ಮೆ ಸೇರುತ್ತಿದ್ದೇವೆ. ಕೆಲವರು ಹತ್ತಿರದವರನ್ನು ಕಳೆದುಕೊಂಡವರು. ಕೆಲವರು ವರ್ಷಗಟ್ಟಲೆ ಮನೆಯಲ್ಲಿ ರೋಗಿಯನ್ನು ನೋಡಿಕೊಂಡು ಬಸವಳಿದವರು. ಇಬ್ಬರು ಕುಡಿತ ಬಿಟ್ಟವರು. ನಮ್ಮಲ್ಲಿ ಗುರು ಅಂತ ಯಾರೂ ಇಲ್ಲ. ಕೂತು ಮಾತಾಡುತ್ತೇವೆ, ಒಂದೊಂದು ದಿನ ಮಾತೂ ಇರುವುದಿಲ್ಲ. ವರ್ಷಕ್ಕೆ ಎರಡು ಸಲ ಊರಾಚೆ ಒಂದು ತೋಟದ ಮನೆಯನ್ನು ನಾಲ್ಕು ದಿನಕ್ಕೆ ಬಾಡಿಗೆಗೆ ಹಿಡಿಯುತ್ತಿದ್ದೆವು. ಹೋದ ಸಲ ಮೂವತ್ತನಾಲ್ಕು ಜನ ಬಂದಿದ್ದರು. ಇನ್ನೂ ಇಪ್ಪತ್ತು ಜನಕ್ಕೆ ಜಾಗ ಇಲ್ಲ ಅಂತ ಹೇಳಬೇಕಾಯಿತು. ಫೋನ್ ಮಾಡಿ ಹೇಳಿದ್ದು ನಾನೇ. ಒಬ್ಬರು "ಪರವಾಗಿಲ್ಲ ಬಿಡಿ, ನನಗೆ ಅಭ್ಯಾಸ ಆಗಿದೆ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಆ ತೋಟದ ಮನೆಯನ್ನು ಮಾರಿಬಿಟ್ಟರು. ಅಷ್ಟರಲ್ಲಿ ಏಳು ಎಕರೆ ಜಾಗ ಕಣ್ಣಿಗೆ ಬಿತ್ತು. ಹಳೆ ಮರಗಳಿವೆ. ಇಳಿಜಾರಿನ ಕೊನೆಗೆ ಒಂದು ಹಳ್ಳ. ಮಾಲೀಕರು ಮೂರು ತಿಂಗಳು ಕಾಯುತ್ತೇನೆ, ಬೆಲೆಯ ಹತ್ತರಲ್ಲೊಂದು ಭಾಗ ಮುಂಗಡ ಕೊಡಿ ಅಂದಿದ್ದಾರೆ. ಅಲ್ಲಿ ನಮ್ಮದೇ ಒಂದು ಚೇತರಿಕೆ ಕೇಂದ್ರ ಮಾಡಬೇಕು ಅನ್ನುವುದು ಆಸೆ. ಆನ್‌ಲೈನ್‌ನಲ್ಲಿ ಹಣ ಕೂಡಿಸಲು ಪೋಸ್ಟರ್ ಕೂಡ ರೆಡಿ ಇದೆ. ನಡುವೆ ದುಂಡನೆಯ ಧ್ಯಾನದ ಹಾಲ್, ಸುತ್ತ ಇಪ್ಪತ್ತು ಕೋಣೆ. ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಾರಿ ಹೇಳಿ. ನಾಳೆ ಸಂಜೆ ಪೋಸ್ಟರ್ ಬಿಡೋಣ ಅಂತಿದ್ದೇವೆ.

ಹಳೆ ಖಾತೆ ಪುಸ್ತಕ

ನಾಳೆ ಬಿಡಬೇಡಿ. ಕೈ ಮುಗಿದು ಕೇಳುತ್ತೇನೆ.

ಪೋಸ್ಟರ್ ಚೆನ್ನಾಗಿಯೇ ಇರಬಹುದು. ಆದರೆ ಇದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಹನ್ನೆರಡು ವರ್ಷದ ಹಿಂದೆ ನಾನು ಇಂಥದ್ದೇ ಒಂದು ಗುಂಪಿನ ಲೆಕ್ಕ ನೋಡಿಕೊಳ್ಳುತ್ತಿದ್ದೆ. ನಾವೂ ಮೊದಲು ಚಿತ್ರ ಬರೆಸಿದೆವು, ಆಮೇಲೆ ಹಣ ಕೇಳಿದೆವು. ಮೊದಲ ತಿಂಗಳು ಭರ್ಜರಿ. ಜಾಗದ ಬೆಲೆಯ ಹೆಚ್ಚುಕಮ್ಮಿ ಅರ್ಧದಷ್ಟು ಬಂತು. ಅಲ್ಲಿಗೆ ನಿಂತಿತು. ಆರು ತಿಂಗಳು ಎಳೆದಾಡಿದೆವು, ಜಾಗ ಬೇರೆಯವರ ಪಾಲಾಯಿತು. ಬಂದ ಹಣದಲ್ಲಿ ಒಂದಿಷ್ಟು ವಕೀಲರಿಗೆ, ನಕ್ಷೆಗೆ, ಓಡಾಟಕ್ಕೆ ಖರ್ಚಾಗಿ ಹೋಗಿತ್ತು. ವಾಪಸ್ ಕೊಡೋಣ ಅಂದರೆ ಪೂರ್ತಿ ಇಲ್ಲ. ಯಾರಿಗೆ ಎಷ್ಟು ಅಂತ ಪೆನ್ಸಿಲ್‌ನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ, ಪುಸ್ತಕದ ಆ ಹಾಳೆ ತೂತು ಬಿತ್ತು. ಅದು ಈಗಲೂ ನನ್ನ ಕಪಾಟಿನಲ್ಲಿದೆ. ಕೆಲವರು ಎದುರಿಗೆ ಬಂದರೆ ಇವತ್ತಿಗೂ ನಾನು ರಸ್ತೆ ದಾಟಿ ಆ ಬದಿಗೆ ಹೋಗುತ್ತೇನೆ.

ಮೂರೇ ಪ್ರಶ್ನೆ. ಜಾಗ ಯಾರ ಹೆಸರಿಗೆ ಆಗುತ್ತದೆ? ಗುರಿ ಮುಟ್ಟದಿದ್ದರೆ ಬಂದ ಹಣ ಏನಾಗುತ್ತದೆ? ಜಾಗ ಸಿಕ್ಕ ಮಾರನೇ ತಿಂಗಳಿಂದ ಖರ್ಚು ಯಾರು ಹೊರುತ್ತಾರೆ? ಒಂದೊಂದಕ್ಕೂ ಒಂದೊಂದು ಸಾಲಿನ ಉತ್ತರ ಇರಬೇಕು. ಅಲ್ಲಿಯವರೆಗೂ ಯಾರ ದುಡ್ಡನ್ನೂ ಮುಟ್ಟಬೇಡಿ.

ಸಂಜೆಗಾಳಿ

ಇಷ್ಟು ಹೆದರಿಸಬೇಡಿ ಸಾರ್. ಮಾಡಿದವರೂ ಇದ್ದಾರೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಗ್ ಅಂತ ಒಂದು ಪುಟ್ಟ ದ್ವೀಪ. ಆಗ ಅಲ್ಲಿದ್ದವರು ಅರವತ್ತು ಚಿಲ್ಲರೆ ಜನ. ಇಡೀ ದ್ವೀಪ ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಹೋಗುತ್ತಿತ್ತು, ಇವರನ್ನು ಕೇಳುವವರೇ ಇಲ್ಲ. ಕೊನೆಗೆ 1997ರಲ್ಲಿ 15 ಲಕ್ಷ ಪೌಂಡ್ ಕೂಡಿಸಿ ಇಡೀ ದ್ವೀಪವನ್ನೇ ಕೊಂಡರು. ಎಲ್ಲೆಲ್ಲಿಂದಲೋ ಸಾವಿರಾರು ಜನ ಸಣ್ಣ ಸಣ್ಣ ಮೊತ್ತ ಕಳಿಸಿದ್ದರು. ಅರವತ್ತು ಜನ ದ್ವೀಪ ಕೊಳ್ಳಬಹುದಾದರೆ ಹನ್ನೊಂದು ಜನ ಏಳು ಎಕರೆ ಕೊಳ್ಳಬಾರದಾ?

ಹಳೆ ಖಾತೆ ಪುಸ್ತಕ

ಕೊಳ್ಳಬಹುದು. ಆದರೆ ಆ ಕತೆಯ ಇನ್ನೊಂದು ಅರ್ಧವನ್ನೂ ಹೇಳಿ. ಐಗ್‌ಗೆ ಬಂದ ಹಣದಲ್ಲಿ ದೊಡ್ಡ ಪಾಲು ಕೊಟ್ಟದ್ದು ಹೆಸರು ಹೇಳದ ಒಬ್ಬ ಹೆಂಗಸು. ಸಣ್ಣ ಮೊತ್ತಗಳಿಂದ ಊರೆಲ್ಲ ಜೊತೆಗಿದೆ ಅನ್ನುವ ಬಲ ಬಂತು, ಸರಿ. ಬೆಲೆ ಮುಟ್ಟಿಸಿದ್ದು ಆ ಒಂದು ಚೆಕ್. ಇನ್ನೂ ಒಂದು ವಿಷಯ. ಅವರು ಸುಮ್ನೆ ಗುಂಪಾಗಿ ಕೊಳ್ಳಲಿಲ್ಲ. ಊರಿನವರು, ಅಲ್ಲಿನ ಸ್ಥಳೀಯ ಆಡಳಿತ, ವನ್ಯಜೀವಿಗಳಿಗಾಗಿ ದುಡಿಯುವ ಒಂದು ಟ್ರಸ್ಟ್, ಮೂವರೂ ಸೇರಿ ಒಂದು ಸಂಸ್ಥೆ ಕಟ್ಟಿ ಅದರ ಹೆಸರಿಗೆ ಮಾಡಿಕೊಂಡರು. ನನ್ನ ಮೊದಲ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇತ್ತು.

ಸಂಶಯಪಿಶಾಚಿ

ನನ್ನ ಹೆಸರಿಗೆ ತಕ್ಕ ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜಾಗ ಯಾಕೆ ಬೇಕು?

1984ರಲ್ಲಿ ರೋಜರ್ ಉಲ್ರಿಚ್ ಅನ್ನುವವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಬರೆದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಜೋರಾದ ನೋವಿನ ಮಾತ್ರೆಯೂ ಅವರಿಗೆ ಕಡಿಮೆ ಸಾಕಾಯಿತು. ಜನ ಇದನ್ನು ಎತ್ತಿಕೊಂಡು "ನೋಡಿ, ಕಾಡಿನಲ್ಲೇ ಕೇಂದ್ರ ಕಟ್ಟಬೇಕು" ಅನ್ನುತ್ತಾರೆ. ನನಗೆ ಅದು ಉಲ್ಟಾ ಕಾಣುತ್ತದೆ. ಅವರಿಗೆ ಸಿಕ್ಕಿದ್ದು ಒಂದು ಕಿಟಕಿ ಅಷ್ಟೇ. ಆ ಮರ ಅವರದಾಗಿರಲಿಲ್ಲ. ನಿಮ್ಮ ಮೂವತ್ತನಾಲ್ಕು ಜನಕ್ಕೂ ಬೇಕಾದದ್ದು ವರ್ಷಕ್ಕೆ ಎಂಟು ದಿನದ ಕಿಟಕಿ ಅಲ್ವಾ? ಅದಕ್ಕೆ ಉಳಿದ ಮುನ್ನೂರೈವತ್ತೇಳು ದಿನ ಬೇಲಿ ಕಾಯುವ ಕೆಲಸ ಯಾಕೆ ತಲೆಗೆ ಕಟ್ಟಿಕೊಳ್ಳುತ್ತೀರಿ?

ಇನ್ನೊಂದು. 'ಹೀಲಿಂಗ್' ಅನ್ನುವ ಮಾತನ್ನು ಪೋಸ್ಟರ್‌ನಲ್ಲಿ ಹಾಕುವ ಮುಂಚೆ ಎರಡು ಸಲ ಯೋಚಿಸಿ. 2009ರಲ್ಲಿ ಅಮೆರಿಕದ ಸೆಡೋನಾ ಹತ್ತಿರ ಒಂದು ಶಿಬಿರದಲ್ಲಿ ಜನರನ್ನು ಮುಚ್ಚಿದ ಗುಡಾರದಲ್ಲಿ ಕೂರಿಸಿ, ಬಿಸಿ ಕಲ್ಲಿನ ಹಬೆ ಕೊಟ್ಟರು. ಮೂವರು ಸತ್ತರು. ನಡೆಸಿದವನಿಗೆ ಜೈಲಾಯಿತು. ನೀವು ಅಂಥವರಲ್ಲ, ಗೊತ್ತು. ಆದರೆ ಏನನ್ನು ವಾಸಿ ಮಾಡುತ್ತೀರಿ, ಏನನ್ನು ಮಾಡಲ್ಲ, ಯಾರಾದರೂ ರಾತ್ರಿ ಎರಡು ಗಂಟೆಗೆ ಕುಸಿದು ಬಿದ್ದರೆ ಎಷ್ಟು ಹೊತ್ತಿಗೆ ಆಸ್ಪತ್ರೆ ಸೇರಿಸುತ್ತೀರಿ, ಇದೆಲ್ಲ ಹಣ ಕೊಡುವವರಿಗೂ ತಿಳಿದಿರಬೇಕು.

ಮಳೆಹನಿ

ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೂ ಪೋಸ್ಟರ್ ತಡೆಹಿಡಿದಿದ್ದೇವೆ.

ಜಾಗ ಯಾಕೆ ಅಂದರೆ, ಬಾಡಿಗೆ ಮನೆಯಲ್ಲಿ ನಾವು ಅತಿಥಿಗಳು. ಹೋದ ಸಲ ಎರಡನೇ ದಿನವೇ ಪಕ್ಕದ ಕಟ್ಟಡವನ್ನು ಬರ್ತ್‌ಡೇ ಪಾರ್ಟಿಗೆ ಕೊಟ್ಟಿದ್ದರು. ಮಗಳನ್ನು ಕಳೆದುಕೊಂಡ ಒಬ್ಬರು ಮೊದಲ ಸಲ ಬಾಯಿ ಬಿಟ್ಟು ಮಾತಾಡುತ್ತಿದ್ದಾರೆ, ಆಚೆಯಿಂದ ಸ್ಪೀಕರ್. ಅವರು ನಿಲ್ಲಿಸಿಬಿಟ್ಟರು. ಮತ್ತೆ ಮಾತಾಡಲಿಲ್ಲ. ಕಿಟಕಿ ಇತ್ತು, ಮರವೂ ಕಾಣುತ್ತಿತ್ತು.

ಸಂಶಯಪಿಶಾಚಿ

ಇದು ಸರಿಯಾದ ಉತ್ತರ. ಪೋಸ್ಟರ್‌ನಲ್ಲಿ ದುಂಡನೆಯ ಹಾಲ್ ತೆಗೆದು ಇದನ್ನು ಬರೆಯಿರಿ. (ಆ ತಾಯಿಯನ್ನು ಕೇಳಿ, ಅವರು ಒಪ್ಪಿದರೆ ಮಾತ್ರ.)

ಬಾವಿಕಟ್ಟೆ

ದುಡ್ಡಿನ ಮಾತು ನನಗೆ ಅಷ್ಟು ತಿಳಿಯಲ್ಲ. ಜಾಗದ ಮಾತು ಹೇಳುತ್ತೇನೆ. ಮೂವತ್ತು ವರ್ಷ ಅದೇ ಕೆಲಸ ಮಾಡಿದವನು.

ಮರ ನೋಡಿ ಜಾಗಕ್ಕೆ ಮನಸೋಲಬೇಡಿ. ಮೊದಲು ದಾರಿ ನೋಡಿ. ದೊಡ್ಡ ರಸ್ತೆಯಿಂದ ನಿಮ್ಮ ಗೇಟಿನ ತನಕ ನಡೆದುಕೊಂಡು ಹೋಗಿ, ಒಂದೊಂದು ತುಂಡು ದಾರಿ ಯಾರದು ಅಂತ ಕೇಳುತ್ತಾ ಹೋಗಿ. ನನಗೆ ಗೊತ್ತಿರುವ ಒಂದು ಆಶ್ರಮದವರು ಚೆಂದದ ಜಾಗ ಕೊಂಡರು. ಕೊನೆಯ ಇನ್ನೂರು ಅಡಿ ದಾರಿ ಪಕ್ಕದವನದು. ಹಳೆ ಮಾಲೀಕನಿಗೂ ಅವನಿಗೂ ಸ್ನೇಹ, ಅದಕ್ಕೇ ಯಾರೂ ತಡೆದಿರಲಿಲ್ಲ. ಇವರು ಬಂದ ಮೂರನೇ ತಿಂಗಳು ಅಲ್ಲಿ ಕಬ್ಬಿಣದ ಗೇಟ್ ಬಂತು, ಅದಕ್ಕೊಂದು ಬೀಗ. ಶಿಬಿರಕ್ಕೆ ಬಂದವರು ತಲೆ ಮೇಲೆ ಹಾಸಿಗೆ ಹೊತ್ತು ಬೇಲಿ ಸಂದಿಯಲ್ಲಿ ನುಸುಳುತ್ತಿದ್ದರು. ಬಾಯಿಮಾತಿನ ದಾರಿ ದಾರಿಯಲ್ಲ. ಅದು ಕಾಗದದಲ್ಲಿ ಬರಬೇಕು, ನೋಂದಣಿ ಆಗಬೇಕು.

ಆಮೇಲೆ ನೀರು. ಹಳ್ಳ ಇದೆ ಅಂದಿರಿ. ಬಿರುಬೇಸಿಗೆಯಲ್ಲಿ ಹೋಗಿ ನೋಡಿ. ಜೋರು ಮಳೆಯ ಮಾರನೇ ದಿನವೂ ಹೋಗಿ ನೋಡಿ, ಹಳ್ಳ ಎಲ್ಲಿಯವರೆಗೆ ಬಂದಿತ್ತು ಅಂತ ಪೊದೆಗೆ ಸಿಕ್ಕಿದ ಕಸವೇ ಹೇಳುತ್ತದೆ. ರಾತ್ರಿ ಒಂದು ಸಲ ಹೋಗಿ ಸುಮ್ನೆ ನಿಂತು ಕೇಳಿಸಿಕೊಳ್ಳಿ. ಮೌನಕ್ಕೆ ಅಂತ ಕೊಳ್ಳುವ ಜಾಗ ತಾನೇ.

ಯಾರೂ ಯೋಚಿಸದ ವಿಷಯ ಒಂದಿದೆ. ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತದೆ? ಮೂವತ್ತನಾಲ್ಕು ಜನ ನಾಲ್ಕು ದಿನ ಇದ್ದರೆ ಲೆಕ್ಕ ಹಾಕಿ. ಮಣ್ಣು ಹೀರದಿದ್ದರೆ ಇಂಗುಗುಂಡಿ ಕೆಲಸ ಮಾಡಲ್ಲ, ಸಂಸ್ಕರಣೆ ಘಟಕ ಬೇಕು, ಅದು ದುಬಾರಿ. ಪರೀಕ್ಷೆ ಸುಲಭ. ಗುಂಡಿ ಕಟ್ಟುವ ಕಡೆಯಲ್ಲೇ ಮೊಣಕಾಲುದ್ದದ ಹೊಂಡ ತೋಡಿ. ಒಂದು ರಾತ್ರಿ ನೀರು ತುಂಬಿಸಿಟ್ಟು ಮಣ್ಣು ನೆನೆಯಲಿ. ಮಾರನೇ ದಿನ ಮತ್ತೆ ನೀರು ಹಾಕಿ, ಒಂದು ಕಡ್ಡಿ ನೆಟ್ಟು ಗುರುತು ಮಾಡಿ. ಗಂಟೆಗೆ ಎಷ್ಟು ಇಳಿಯಿತು ನೋಡಿ. ಸರಿಯಾದ ಅಳತೆಗೆ ತಿಳಿದವರನ್ನು ಕರೆಸಿ. ಆದರೆ ನೀರು ಕದಲದೇ ನಿಂತರೆ ಅದನ್ನು ಹೇಳಲು ಎಂಜಿನಿಯರ್ ಬೇಡ.

ಒಂದು ವರ್ಷದ ಮೂರು ಕಾಲ ನೋಡದೆ ನಾನು ಜಾಗ ಕೊಳ್ಳಲ್ಲ. ನಿಮಗೆ ಮೂರು ತಿಂಗಳು ಇದೆ. ಕನಿಷ್ಠ ಹೊಂಡನಾದರೂ ತೋಡಿ.

ಬೆಳಗಿನ ಬಸ್

ನಾನು ಕೊಡುತ್ತೇನೆ. ಎಲ್ಲಿಗೆ ಕಳಿಸಲಿ?

ಮಳೆಹನಿ

ದಯವಿಟ್ಟು ಈಗ ಬೇಡ. (ಇದನ್ನು ಟೈಪ್ ಮಾಡುವುದು ಎಷ್ಟು ಕಷ್ಟ ಗೊತ್ತಾ?)

ಹಳೆ ಖಾತೆ ಪುಸ್ತಕ

ಶಭಾಷ್. ಈಗ ಹಣದ ವಿಷಯಕ್ಕೆ ಬರೋಣ.

ಮಾಲೀಕರಿಗೆ ಹತ್ತರಲ್ಲೊಂದು ಭಾಗ ಮುಂಗಡ ಕೊಟ್ಟು, ಉಳಿದದ್ದು ಹೊಂದದಿದ್ದರೆ ಮುಂಗಡವೂ ಹೋಗುವ ಅಪಾಯ ಇದೆ. ಅದರ ಬದಲು ಅವರ ಹತ್ತಿರ ಹೀಗೆ ಮಾತಾಡಿ: ಒಂದು ಸಣ್ಣ ಮೊತ್ತ ಕೊಡುತ್ತೇವೆ, ಆರು ತಿಂಗಳು ಬೇರೆಯವರಿಗೆ ಮಾರಬೇಡಿ, ಇದೇ ಬೆಲೆಗೆ ನಮಗೇ ಕೊಡಿ. ನಾವು ಕೊಳ್ಳದಿದ್ದರೆ ಆ ಸಣ್ಣ ಮೊತ್ತ ನಿಮಗೆ, ಅಷ್ಟೇ. ಕರಾರಿನ ರೀತಿ ಒಂದೊಂದು ದೇಶದಲ್ಲಿ ಒಂದೊಂದು ಥರ, ವಕೀಲರೇ ಬರೆಯಲಿ. ಆದರೆ ಕಳೆದುಕೊಂಡರೂ ಎಷ್ಟು ಕಳೆದುಕೊಳ್ಳುತ್ತೇವೆ ಅಂತ ಮೊದಲೇ ತಿಳಿದಿರುತ್ತದೆ.

ಜನರಿಂದ ಹಣ ತೆಗೆದುಕೊಳ್ಳಬೇಡಿ, ಮಾತು ತೆಗೆದುಕೊಳ್ಳಿ. ಯಾರು ಎಷ್ಟು ಕೊಡುತ್ತಾರೆ ಅಂತ ಬರೆದು ಸಹಿ ಮಾಡಲಿ. ಗುರಿ ಮುಟ್ಟಿದ ದಿನ ಕೇಳುತ್ತೇವೆ, ಮುಟ್ಟದಿದ್ದರೆ ಯಾರೂ ಏನೂ ಕೊಡಬೇಕಿಲ್ಲ. ಆನ್‌ಲೈನ್‌ನಲ್ಲಿ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣ 2009ರಿಂದ ನಡೆಸುತ್ತಿರುವುದು ಇದೇ ಲೆಕ್ಕದಲ್ಲಿ, ಗುರಿ ಮುಟ್ಟಿದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. (ದಾನಕ್ಕಾಗಿ ಹಣ ಎತ್ತಲು ಅಲ್ಲಿ ಬಿಡುವುದಿಲ್ಲ, ಅಲ್ಲಿಗೆ ಓಡಬೇಡಿ. ಬೇರೆ ತಾಣಗಳಲ್ಲೂ ಬಂದದ್ದರಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಅಂತ ಮೊದಲು ಓದಿ.)

ಎಷ್ಟು ಜನ ಬೇಕು ಅನ್ನುವುದಕ್ಕೆ ಒಂದು ಹಳೆ ಲೆಕ್ಕ. ಬೇಕಾದ ಮೊತ್ತ 100 ಅಂದುಕೊಳ್ಳಿ. 15 ಕೊಡುವವರು ಒಬ್ಬರು. 8 ಕೊಡುವವರು ಇಬ್ಬರು. 4 ಕೊಡುವವರು ಐದು ಜನ, 2 ಕೊಡುವವರು ಹನ್ನೆರಡು ಜನ. ಇಲ್ಲಿಗೆ 75 ಆಯಿತು, ಜನ ಬರೀ ಇಪ್ಪತ್ತು. ಉಳಿದ 25 ಸಣ್ಣ ಸಣ್ಣದಾಗಿ ನೂರಾರು ಜನರಿಂದ. ಒಬ್ಬರು ಹೂಂ ಅನ್ನಬೇಕಾದರೆ ಮೂರು ನಾಲ್ಕು ಜನರನ್ನು ಕೇಳಬೇಕು. ಅಂದರೆ ಮೊದಲ ಇಪ್ಪತ್ತು ಹೂಂಗೆ ಎಪ್ಪತ್ತು ಮನೆ ಬಾಗಿಲು. ಆ ಎಪ್ಪತ್ತು ಹೆಸರು ನಿಮ್ಮ ಹನ್ನೊಂದು ಜನರ ಹತ್ತಿರ ಇದೆಯಾ? ಇಲ್ಲದಿದ್ದರೆ ಪೋಸ್ಟರ್ ಅದನ್ನು ತಂದುಕೊಡಲ್ಲ. ದೊಡ್ಡ ಮೊತ್ತ ಕೂಡಿಸುವವರು ಅರ್ಧಕ್ಕಿಂತ ಜಾಸ್ತಿ ಮಾತು ಸಿಗುವ ತನಕ ಹೊರಗೆ ಬಾಯಿಯೇ ಬಿಡುವುದಿಲ್ಲ. ತುಂಬುತ್ತಿರುವ ಪಾತ್ರೆಗೆ ಎಲ್ಲರೂ ಒಂದು ಲೋಟ ಸುರಿಯುತ್ತಾರೆ, ಖಾಲಿ ಪಾತ್ರೆಗೆ ಯಾರೂ ಸುರಿಯಲ್ಲ.

ಮೊದಲ ಹೆಸರುಗಳು ನೀವು ಹನ್ನೊಂದು ಜನವೇ ಆಗಿರಬೇಕು. ಎಷ್ಟೇ ಆಗಲಿ, ಬರೆಯಿರಿ.

ಒಂಟಿ ಕುರ್ಚಿ

ಹಣ ಕೇಳುವುದರ ಬಗ್ಗೆ ನನ್ನದೂ ಒಂದು ಮಾತು. ಗಂಡ ಹೋದ ವರ್ಷ ನಾನು ಒಂದು ಶಿಬಿರಕ್ಕೆ ಹೋಗಿದ್ದೆ. ಐದು ದಿನ. ಕೊನೆಯ ಬೆಳಿಗ್ಗೆ ಎಲ್ಲರೂ ವೃತ್ತವಾಗಿ ಕೂತು ಅತ್ತೆವು. ನಿಜವಾಗಿ ಹಗುರಾಯಿತು. ಅಳು ಇನ್ನೂ ನಿಂತಿರಲಿಲ್ಲ, ಒಬ್ಬ ಹುಡುಗಿ ಬಂದು ಕೈಗೆ ಪೆನ್ನು ಕೊಟ್ಟಳು. ತೊಡೆಯ ಮೇಲೆ ಒಂದು ಫಾರಂ ಇಟ್ಟಳು. ಹೊಸ ಕಟ್ಟಡದ ನಿಧಿ. ನಾನು ಬರೆದ ಮೊತ್ತ ನನ್ನ ಎರಡು ತಿಂಗಳ ಮನೆ ಖರ್ಚು. ಕಣ್ಣೀರು ಬಿದ್ದು ಒಂದು ಸೊನ್ನೆ ಕಲೆಸಿಹೋಗಿತ್ತು, ಆಕೆ ಇನ್ನೊಂದು ಸಲ ಬರೆಸಿದಳು.

ಆ ಹಣ ಕೊಟ್ಟೆ, ವಾಪಸ್ ಕೇಳಲಿಲ್ಲ. ಆದರೆ ಆ ಐದು ದಿನ ಅಂದರೆ ನನಗೆ ಈಗ ನೆನಪಾಗುವುದು ಆ ಪೆನ್ನು. ನೀವು ಹಾಗೆ ಮಾಡಬೇಡಿ. ಶಿಬಿರದೊಳಗೆ ಹಣದ ಸುದ್ದಿಯೇ ಬೇಡ. ಮನೆಗೆ ಹೋಗಿ ಒಂದು ತಿಂಗಳಾದ ಮೇಲೆ ಕಾಗದ ಬರೆಯಿರಿ.

ನಿಧಾನಿ

ಅಕ್ಕ, ಓದಿ ಸಂಕಟ ಆಯಿತು. ಮೌನವಾಗಿ ಕೂತು ಧ್ಯಾನ ಕಲಿಸುವ ವಿಪಸ್ಸನ ಕೇಂದ್ರಗಳ ಪದ್ಧತಿ ಇಲ್ಲಿ ಹೇಳಬೇಕು ಅನ್ನಿಸುತ್ತದೆ. ಗೋಯೆಂಕಾ ಅವರ ಪರಂಪರೆಯಲ್ಲಿ ಹತ್ತು ದಿನದ ಶಿಬಿರಕ್ಕೆ ಶುಲ್ಕವೇ ಇಲ್ಲ. ಒಂದು ಶಿಬಿರವನ್ನಾದರೂ ಪೂರ್ತಿ ಮಾಡಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ. ಹೊರಗಿನ ಶ್ರೀಮಂತ ದೊಡ್ಡ ಚೆಕ್ ತಂದರೂ ಮೊದಲು ಹತ್ತು ದಿನ ಕೂತು ಬಾ ಅನ್ನುತ್ತಾರೆ. ಇಗತ್‌ಪುರಿಯಲ್ಲಿ 1976ರಿಂದ ಶಿಬಿರ ನಡೆಯುತ್ತಿದೆ, ಈಗ ಎಷ್ಟೋ ದೇಶಗಳಲ್ಲಿ ಕೇಂದ್ರಗಳಿವೆ. ಅಂದರೆ ನಡೆಯುವ ದಾರಿಯೇ. ನಾನು ಹೋದಾಗ ಕೊನೆಗೆ ಒಂದು ಮೂಲೆಯಲ್ಲಿ ಮೇಜು ಇತ್ತು. ಬೇಕಾದವರು ಹೋದರು, ಬೇಡದವರು ಚೀಲ ಎತ್ತಿಕೊಂಡು ಹೊರಟರು. ಯಾರೂ ನೋಡಲಿಲ್ಲ.

ಸಂಶಯಪಿಶಾಚಿ

ಹತ್ತು ದಿನ ಬಾಯಿ ಮುಚ್ಚಿ ಕೂತ ಮೇಲೆ ಮೇಜೂ ಸ್ವಲ್ಪ ಮಾತಾಡುತ್ತದೆ ಬಿಡಿ. ಆದರೂ ಫಾರಂ ತೊಡೆಗೆ ಬರುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ, ಒಪ್ಪಿದೆ.

ಲೈಬ್ರರಿ ಮೂಲೆ

ಈ ಚರ್ಚೆ ಓದುತ್ತಾ ಯಾರ್ಕ್ ನೆನಪಾಯಿತು. ಮನಸ್ಸು ಸರಿಯಿಲ್ಲದವರ ತಂಗುದಾಣಕ್ಕೆ 'ರಿಟ್ರೀಟ್' ಅನ್ನುವ ಹೆಸರು ಬಂದದ್ದೇ ಅಲ್ಲಿ.

1790ರಲ್ಲಿ ಇಂಗ್ಲೆಂಡಿನ ಯಾರ್ಕ್‌ನ ಹುಚ್ಚಾಸ್ಪತ್ರೆಯಲ್ಲಿ ಹ್ಯಾನಾ ಮಿಲ್ಸ್ ಅನ್ನುವ ವಿಧವೆ, ಸೇರಿದ ಕೆಲವೇ ವಾರದಲ್ಲಿ ತೀರಿಕೊಂಡರು. ಅವರು ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು. ಪಂಥದ ಗೆಳೆಯರು ನೋಡಲು ಹೋದರೆ ಒಳಗೆ ಬಿಟ್ಟಿರಲಿಲ್ಲ. ಚಹಾ ವ್ಯಾಪಾರಿ ವಿಲಿಯಂ ಟ್ಯೂಕ್ 1792ರಲ್ಲಿ ಪಂಥದ ಸಭೆಯಲ್ಲಿ ಎದ್ದು, ನಮ್ಮವರಿಗೆ ನಾವೇ ಒಂದು ಜಾಗ ಮಾಡೋಣ ಅಂದರು. ಎಲ್ಲರೂ ತಲೆದೂಗಲಿಲ್ಲ. ನಮ್ಮಲ್ಲಿ ಅಂಥವರು ಅಷ್ಟು ಜನ ಎಲ್ಲಿದ್ದಾರೆ ಅನ್ನುವವರೂ ಇದ್ದರು. ಹಣ ನಿಧಾನವಾಗಿ, ಚಂದಾ ರೂಪದಲ್ಲಿ ಬಂತು. 11 ಎಕರೆ ಕೊಂಡರು. 1796ರಲ್ಲಿ ಸುಮಾರು ಮೂವತ್ತು ಜನರಿಗೆ ಅಂತ ಬಾಗಿಲು ತೆರೆದರು. ಸರಪಳಿ ಇಲ್ಲ, ಹೊಡೆತ ಇಲ್ಲ, ಓಡಾಡಲು ತೋಟ. ಆಸ್ಪತ್ರೆ ಅನ್ನುವುದು ಬೇಡ, ರಿಟ್ರೀಟ್ ಅನ್ನಿ ಅಂದದ್ದು ಟ್ಯೂಕ್ ಅವರ ಸೊಸೆ.

ಸಭೆಯಲ್ಲಿ ಮಾತೆತ್ತಿದ ದಿನದಿಂದ ಬಾಗಿಲು ತೆರೆಯಲು ನಾಲ್ಕು ವರ್ಷ. ನಿಮ್ಮ ಹಾಗೇ ಮೂವತ್ತು ಚಿಲ್ಲರೆ ಜನಕ್ಕೆ.

ದಾನಿಗಳ ಹೆಸರು ಹಾಕುವ ಬಗ್ಗೆಯೂ ಒಂದು ಮಾತು. 1885ರಲ್ಲಿ ಲಿಬರ್ಟಿ ಪ್ರತಿಮೆಯ ಪೀಠಕ್ಕೆ ಹಣ ಸಾಲದಾದಾಗ ಜೋಸೆಫ್ ಪುಲಿಟ್ಜರ್, ಎಷ್ಟೇ ಸಣ್ಣ ಮೊತ್ತ ಕೊಡಿ, ನಿಮ್ಮ ಹೆಸರು ನನ್ನ ಪತ್ರಿಕೆಯಲ್ಲಿ ಬರುತ್ತದೆ ಅಂದರು. ಒಂದು ಲಕ್ಷಕ್ಕೂ ಜಾಸ್ತಿ ಜನ ಕೊಟ್ಟರು, ಹೆಚ್ಚಿನವರು ಒಂದು ಡಾಲರ್‌ಗಿಂತ ಕಡಿಮೆ. ಎಲ್ಲರೂ ಇದನ್ನೇ ಮಾಡಿ ಅನ್ನುತ್ತಾರೆ. ನಿಮಗೆ ಇದು ಹೊಂದಲ್ಲ. ನಿಮ್ಮ ದಾನಿಗಳಲ್ಲಿ ಅರ್ಧ ಜನ ನಿಮ್ಮ ಶಿಬಿರಕ್ಕೆ ಬಂದವರೇ ಇರುತ್ತಾರೆ. ಹೆಸರು ಹಾಕಿದರೆ ಯಾರು ಕುಡಿತ ಬಿಟ್ಟವರು, ಯಾರು ಮಗು ಕಳೆದುಕೊಂಡವರು ಅಂತ ಊರಿಗೆಲ್ಲ ಸಾರಿದ ಹಾಗೆ. ಲೆಕ್ಕ ಬಹಿರಂಗ ಆಗಿರಲಿ, ಹೆಸರು ಬೇಡ.

ಸಂಜೆಗಾಳಿ

ಹಾಗಾದರೆ ಸಾಲ ತೆಗೆದುಕೊಂಡು ಜಾಗ ಹಿಡಿದಿಟ್ಟುಕೊಂಡರೆ ಆಗಲ್ವಾ? ಆಮೇಲೆ ನಿಧಾನಕ್ಕೆ ತೀರಿಸಬಹುದು.

ಗಡಿಕಲ್ಲು

ಜಾಗವನ್ನೇ ಅಡ ಇಟ್ಟು ಸಾಲ ಮಾಡುವ ಮುಂಚೆ 'ನ್ಯೂ ಕಮ್ಯುನಿಟೀಸ್' ಕತೆ ಕೇಳಿ. ಅಮೆರಿಕದ ಜಾರ್ಜಿಯಾ, 1969. ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಪ್ಪು ಜನರು ಸೇರಿ ಸುಮಾರು 5,700 ಎಕರೆ ಕೊಂಡರು. ಯಾರೊಬ್ಬರ ಹೆಸರಿಗೂ ಅಲ್ಲ, ಟ್ರಸ್ಟ್ ಹೆಸರಿಗೆ. ಈಗ 'ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್' ಅನ್ನುತ್ತಾರಲ್ಲ, ಅದು ಅಲ್ಲಿಂದ ಶುರು. ಭೂಮಿ ಟ್ರಸ್ಟ್‌ನದು, ಬಳಸುವವರು ಬಳಸಿ, ಮಾರುವ ಹಾಗಿಲ್ಲ. ಆದರೆ ತಲೆ ಮೇಲೆ ದೊಡ್ಡ ಸಾಲ. ಬರ ಬಂತು. ಅಕ್ಕಪಕ್ಕದ ಬಿಳಿಯ ರೈತರಿಗೆ ಸಿಕ್ಕ ಸರ್ಕಾರಿ ತುರ್ತು ಸಾಲ ಇವರಿಗೆ ಸಮಯಕ್ಕೆ ಸಿಗಲಿಲ್ಲ. 1985ರಲ್ಲಿ ಅಷ್ಟೂ ಭೂಮಿ ಕೈತಪ್ಪಿತು. ಹದಿನಾರು ವರ್ಷದ ದುಡಿಮೆ.

ಅವರು ಸುಮ್ಮನಿರಲಿಲ್ಲ. ತಾರತಮ್ಯದ ಕೇಸಿನಲ್ಲಿ 2009ರಲ್ಲಿ ಸುಮಾರು 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿತು. 2011ರಲ್ಲಿ ಜಾರ್ಜಿಯಾದಲ್ಲೇ ಆಲ್ಬನಿ ಊರಿನ ಹತ್ತಿರ 1,600 ಎಕರೆಗೂ ಜಾಸ್ತಿ ಜಾಗ ಕೊಂಡರು. ಒಂದು ಕಾಲಕ್ಕೆ ಅದು ಗುಲಾಮರನ್ನು ದುಡಿಸಿದ ಎಸ್ಟೇಟ್. ಈಗ ಅಲ್ಲಿ ಕೃಷಿಯ ಜೊತೆಗೆ ಜನ ಸೇರಿ ತಂಗುವುದೂ ನಡೆಯುತ್ತದೆ. ಅವರಿಗೆ ಅದು ಗಾಯ ಮಾಯುವ ಜಾಗ.

ಟ್ರಸ್ಟ್ ಮಾಡಿಕೊಂಡರೆ ಒಳಗಿನವರು ಮಾರಿಕೊಳ್ಳುವುದನ್ನು ತಡೆಯಬಹುದು. ಸಾಲ ಕೊಟ್ಟವನನ್ನು ಅದು ತಡೆಯಲ್ಲ. ಸಾಲ ಬೇಕೇ ಬೇಕಾದರೆ ನಿಮ್ಮವರಿಂದಲೇ, ಬಡ್ಡಿ ಇಲ್ಲದೆ, ಜಾಗವನ್ನು ಅಡ ಇಡದೆ.

ಬೆಳಗಿನ ಬಸ್

ಒಬ್ಬರೇ ಪೂರ್ತಿ ಕೊಟ್ಟುಬಿಟ್ಟರೆ? ನನಗೆ ಗೊತ್ತಿರುವ ಒಬ್ಬರು ಕೊಡಬಹುದು. ತಂದೆಯ ಹೆಸರು ಇಡಬೇಕು, ಕಮಿಟಿಯಲ್ಲಿ ಅವರ ಮನೆಯ ಇಬ್ಬರಿರಬೇಕು ಅನ್ನುತ್ತಾರೆ.

ಹಳೆ ಖಾತೆ ಪುಸ್ತಕ

ಹೆಸರು ಇಡಿ, ಪರವಾಗಿಲ್ಲ. ಕಮಿಟಿ ಬೇಡ. ಹಣ ಕೊಟ್ಟ ಮೇಲೆ ಅದು ಅವರದಲ್ಲ ಅನ್ನುವುದು ಅವರಿಗೆ ಒಪ್ಪಿಗೆ ಇರಬೇಕು. ಅದು ದಾನ. ಇಲ್ಲದಿದ್ದರೆ ಅದು ಖರೀದಿ, ಏನು ಕೊಂಡರು ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಮೂರನೇ ಪ್ರಶ್ನೆ ಇನ್ನೂ ಯಾರೂ ಮುಟ್ಟಿಲ್ಲ. ಸ್ಕಾಟ್ಲೆಂಡಿನ ಫಿಂಡ್‌ಹಾರ್ನ್ ಅನ್ನುವ ಆಧ್ಯಾತ್ಮಿಕ ಸಮುದಾಯ 1962ರಲ್ಲಿ ಒಂದು ಕ್ಯಾರವಾನ್‌ನಲ್ಲಿ ಶುರುವಾದದ್ದು. ಲೋಕಕ್ಕೆಲ್ಲ ಹೆಸರಾಯಿತು. ಅವರ ಬದುಕು ನಡೆಯುತ್ತಿದ್ದುದು ಶಿಬಿರಕ್ಕೆ ಬರುವವರ ಶುಲ್ಕದಿಂದ. ಕೋವಿಡ್‌ನಲ್ಲಿ ಜನ ಬರುವುದು ನಿಂತಿತು. 2021ರಲ್ಲಿ ಬೆಂಕಿ ಬಿದ್ದು ಸಮುದಾಯ ಭವನವೂ ಧ್ಯಾನದ ಕೋಣೆಯೂ ಸುಟ್ಟವು. 2023ರಲ್ಲಿ ಅಲ್ಲಿ ಶಿಬಿರ ನಡೆಸುತ್ತಿದ್ದ ಪ್ರತಿಷ್ಠಾನ ಅವುಗಳನ್ನು ನಿಲ್ಲಿಸಿಬಿಟ್ಟಿತು. ಅರವತ್ತು ವರ್ಷದ ಹೆಸರಿದ್ದವರ ಪಾಡು ಇದು. ನೀವು ಕೂಡಿಸುವ ಮೊತ್ತದಲ್ಲಿ ಕನಿಷ್ಠ ಎರಡು ವರ್ಷದ ನಡೆಸುವ ಖರ್ಚು ಸೇರಿಸಿಕೊಳ್ಳಿ. ವಿಮೆ, ತೆರಿಗೆ, ಕಾವಲಿನವರ ಸಂಬಳ, ಸೋರುವ ಸೂರು. ಸೋರುವ ಸೂರಿಗೆ ದಾನ ಕೊಡುವವರು ಸಿಗಲ್ಲ, ಹಾಲ್ ಕಟ್ಟಲು ಸಿಗುತ್ತಾರೆ.

ಮಳೆಹನಿ (ಐದು ವಾರದ ನಂತರ)

ತಡವಾಗಿದ್ದಕ್ಕೆ ಕ್ಷಮಿಸಿ. ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ಮಾಲೀಕರು ಸಣ್ಣ ಮೊತ್ತಕ್ಕೆ ಒಪ್ಪಿದರು. ಆರು ತಿಂಗಳಿಲ್ಲ, ನಾಲ್ಕು. ಕರಾರು ಬರೆಯುವ ಮುಂಚೆ ಬಾವಿಕಟ್ಟೆ ಸಾರ್ ಹೇಳಿದ ಹಾಗೆ ದಾರಿ ನಡೆದು ನೋಡಿದೆವು. ದಾರಿ ಸರಿ ಇದೆ, ಕಾಗದದಲ್ಲೂ ಇದೆ. ಖುಷಿಯಿಂದ ಹೊಂಡ ತೋಡಿದೆವು. ಮೊಣಕಾಲುದ್ದ ಹೋಗಲು ಇಬ್ಬರಿಗೆ ಎರಡು ಗಂಟೆ ಬೇಕಾಯಿತು, ಮಣ್ಣು ಗುದ್ದಲಿಗೆ ಅಂಟಿಕೊಂಡು ಬರುತ್ತಿತ್ತು. ಆಗಲೇ ಅನುಮಾನ ಬಂತು. ರಾತ್ರಿ ನೀರು ತುಂಬಿಸಿಟ್ಟು ಬಂದೆವು. ಬೆಳಿಗ್ಗೆ ಹೋದರೆ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ಕಡ್ಡಿಯ ಗುರುತಿನಿಂದ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಇನ್ನೆರಡು ಕಡೆ ತೋಡಿದೆವು, ಅದೇ ಕತೆ. ತಿಳಿದವರನ್ನು ಕರೆಸಿದೆವು. ಅವರು ಹೇಳಿದ ಘಟಕದ ಖರ್ಚು ಜಾಗದ ಬೆಲೆಯ ಮೂರನೇ ಒಂದು ಭಾಗ. ಬಿಟ್ಟೆವು. ನಮ್ಮಲ್ಲಿ ಒಬ್ಬರು ಅತ್ತರು. ಮರಗಳನ್ನು ನೋಡಿ ನನಗೂ ಅಳು ಬಂತು.

ಆದರೆ ಅಷ್ಟರಲ್ಲಿ ನಾವು ಮಾತು ಬರೆಸಿಕೊಳ್ಳಲು ಶುರು ಮಾಡಿದ್ದೆವು. ಹನ್ನೊಂದು ಜನರದೇ ಸೇರಿ 100ರಲ್ಲಿ 14 ಆಯಿತು. ಬೇರೆ ಇಪ್ಪತ್ತಾರು ಜನರ ಮನೆಗೆ ಹೋದೆವು, ಒಂಬತ್ತು ಜನ ಬರೆದುಕೊಟ್ಟರು. ಒಟ್ಟು 38. ಜಾಗ ಬಿಟ್ಟ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ನಿಮ್ಮ ಮಾತು ರದ್ದು ಅಂದೆ. ಏಳು ಜನ ರದ್ದು ಮಾಡಬೇಡಿ, ಮುಂದಿನ ಜಾಗಕ್ಕೆ ಇರಲಿ ಅಂದರು. ಹೋದ ಸಲ ಜಾಗ ಇಲ್ಲ ಅಂತ ಫೋನ್ ಮಾಡಿದವರಿಗೂ ಈ ಸಲ ಫೋನ್ ಮಾಡಿದೆ. ಹಣ ಕೇಳಲಿಕ್ಕಲ್ಲ. ಮುಂದಿನ ಶಿಬಿರದಲ್ಲಿ ಮೊದಲ ಹೆಸರು ಅವರದು ಅಂತ ಹೇಳಲಿಕ್ಕೆ.

ಸದ್ಯಕ್ಕೆ ಬಾಡಿಗೆ ಜಾಗವೇ ಹುಡುಕುತ್ತಿದ್ದೇವೆ. ವರ್ಷಪೂರ್ತಿ ಕರಾರು, ಶಿಬಿರದ ದಿನ ಬೇರೆಯವರಿಗೆ ಕೊಡಬಾರದು ಅಂತ ಬರೆಸಿಕೊಂಡೇ. ಟ್ರಸ್ಟ್ ನೋಂದಣಿಗೆ ಕಾಗದ ಕೊಟ್ಟಿದ್ದೇವೆ. ದುಂಡನೆಯ ಹಾಲ್ ಪೋಸ್ಟರ್ ನನ್ನ ಹತ್ತಿರವೇ ಇದೆ, ಸಂಶಯಪಿಶಾಚಿ ಅವರೇ, ಎಸೆದಿಲ್ಲ.

ಸಂಶಯಪಿಶಾಚಿ

ಎಸೆಯಬೇಡಿ. ಮುಂದಿನ ಜಾಗಕ್ಕೆ ನನ್ನ ಹೆಸರೂ ಬರೆದುಕೊಳ್ಳಿ. 2 ಅಲ್ಲ, 1.

ಬಾವಿಕಟ್ಟೆ

ಮೂರು ಹೊಂಡನೂ ಮುಚ್ಚಿದಿರಾ? ರಾತ್ರಿ ಯಾರಾದರೂ ನಡೆದು ಬಂದರೆ ಕಾಲು ಮುರಿದುಕೊಳ್ಳುತ್ತಾರೆ.

ಮಳೆಹನಿ

ಎರಡು ಮುಚ್ಚಿದ್ದೇವೆ ಸಾರ್. ಮೂರನೆಯದರಲ್ಲಿ ಇನ್ನೂ ನೀರಿದೆ. ನಾಳೆ ಹೋಗುತ್ತೇವೆ.